ನಾಲಿಗೆ ಚಾಚಿದ ನಾಲ್ಕನೇ ಕಂಬ

ಫೋರ್ಕ್‌ಲಿಫ್ಟಿನ ಎರಡು ಕಬ್ಬಿಣದ ಕೈಗಳು ನನ್ನ ಪಕ್ಕೆಗಳ ಆಚೀಚೆ ಹಾದು ಗೋಡೆಗೆ ಬಡಿದವು.

ನಾನು ನಡುವೆ!

ಒಂದು ಗೇಣು ಅತ್ತಿತ್ತ ಆಗಿದ್ದರೂ ಈ ಕತೆಯನ್ನು ನಿಮಗೆ ಬೇರೆ ಯಾರೋ ಹೇಳಬೇಕಾಗುತ್ತಿತ್ತು.

ಫೋರ್ಕ್‌ಲಿಫ್ಟ್ ಮೇಲೆ ಕೂತಿದ್ದವನು ಊವೆ. ಬಾಗಿಲಿನಷ್ಟು ಅಗಲದ ಆಸಾಮಿ. ಸ್ವಲ್ಪ ಮೊದಲು ಇವನೇ ನನ್ನ ಮೂಗಿಗೆ ಒಂದು ಕೊಟ್ಟಿದ್ದ. ಮೂಗು ಲಟಕ್ಕೆಂದಿತ್ತು. ರಕ್ತ ಇನ್ನೂ ನಿಂತಿರಲಿಲ್ಲ. ಅವನ ಪಕ್ಕದಲ್ಲಿ ಬಿಳಿ ಗಡ್ಡ, ಹೂವಿನ ಹವಾಯಿ ಶರ್ಟು, ಕೈಯಲ್ಲಿ ಕಾಫಿ ಮಗ್ಗು... ಅವನ ಬಾಸ್, ಬ್ರೆನ್ನರ್.

"ಹೆರ್ ಬಾಳಪ್ಪ, ಕೊನೇ ಸಲ ಹೇಳ್ತೀನಿ," ಎಂದ ಬ್ರೆನ್ನರ್. "ಆ ಕಂಬ ನನ್ನ ಹತ್ತಿರ ಇಲ್ಲ."

"ಮತ್ತೆ ಆ ಟಾರ್ಪಾಲಿನ್ ಕೆಳಗೆ ಏನಿದೆ?"

"ಅದು ನನ್ನ ಸ್ವಂತದ್ದು."

"ನಾಲಿಗೆ ಹೊರಗೆ ಕಾಣ್ತಿದೆ, ಬ್ರೆನ್ನರ್!"

ಕಾಣುತ್ತಿತ್ತು. ಒಂದು ಗೇಣು ಉದ್ದದ ಮರದ ನಾಲಿಗೆ. ನಾನು ಬೆಳಿಗ್ಗೆಯಿಂದ ಡ್ಯೂಸೆಲ್ಡಾರ್ಫ್ ಎಲ್ಲ ಸುತ್ತಿ ಹುಡುಕುತ್ತಿದ್ದದ್ದು ಅದನ್ನೇ!

ನಗಬೇಡಿ. ಟಿಕಿ ಅಂದರೆ ನಿಮಗೆ ಗೊತ್ತಿಲ್ಲ, ಅದಕ್ಕೇ ನಗುತ್ತೀರಿ. ಐವತ್ತು ವರ್ಷದ ಹಿಂದೆ ಇಲ್ಲಿನ ದೊಡ್ಡ ಹೋಟೆಲುಗಳ ನೆಲಮಾಳಿಗೆಯಲ್ಲಿ ಪೆಸಿಫಿಕ್ ದ್ವೀಪಗಳ ವೇಷ ಹಾಕಿದ ರೆಸ್ಟೊರೆಂಟುಗಳಿದ್ದವು. ಬಿದಿರಿನ ಗೋಡೆ, ಒಣಗಿಸಿದ ಮುಳ್ಳುಮೀನಿನ ದೀಪ, ಕಣ್ಣು ಬಿಟ್ಟು ನಾಲಿಗೆ ಚಾಚಿದ ಮರದ ದೇವರ ಕಂಬಗಳು. ಹೊರಗೆ ಹಿಮ, ಒಳಗೆ ದ್ವೀಪ! ಒಂದೊಂದಾಗಿ ಮುಚ್ಚಿದವು. ಸಾಮಾನೆಲ್ಲ ಕಸಕ್ಕೆ ಹೋಯಿತು.

ಆ ಕಸದಿಂದ ಎತ್ತಿ ತರುವವನು ನಾನು. ಹಿಂದೆ ಬೊಬ್ಲಿಂಗೆನ್‌ನಲ್ಲಿ ಕಾರ್ ಕಂಪನಿಯ ಸೇಫ್ಟಿ ಇಂಜಿನಿಯರ್ ಆಗಿದ್ದೆ. ಈಗ ಸಂಗ್ರಹ ಮಾಡುವವರಿಗೆ ಹಳೆಯ ಸಾಮಾನು ಹುಡುಕಿ ಕೊಡುತ್ತೇನೆ. ಕಳುವಾಗಿದ್ದರೆ ವಾಪಸ್ಸು ತರುತ್ತೇನೆ.

ಎತ್ತಿ ತಂದದ್ದಕ್ಕೆ ಜೀವ ಕೊಡುವವಳು ಭೂಮಿಕಾ. ಧಾರವಾಡದ ಹುಡುಗಿ, ರೆಸ್ಟೋರರ್. 'ಲಗೂನೆ' ಅನ್ನುವ ಹಳೇ ಟಿಕಿ ರೆಸ್ಟೊರೆಂಟನ್ನು ಇಡಿಯಾಗಿ ಬಿಚ್ಚಿ ತನ್ನ ಗ್ಯಾರೇಜಿನಲ್ಲಿ ತಂದಿಟ್ಟುಕೊಂಡು, ವರ್ಷಗಟ್ಟಲೆ ಅದರ ಸಿಗರೇಟಿನ ಕರಿಯನ್ನು ಹತ್ತಿಯ ಕಡ್ಡಿಯಿಂದ ಒರೆಸುತ್ತಾ ಕೂತವಳು. ಆದರೆ ಅದಿದ್ದ ಹೋಟೆಲಿನ ಮಾಲೀಕರ ಷರತ್ತು ಕೇಳಿ. ಮ್ಯೂಸಿಯಂ ಒಪ್ಪಿದರೆ ಇಡೀ ಕೋಣೆ ಅಲ್ಲಿಗೆ. ಒಪ್ಪದಿದ್ದರೆ ಬ್ರೆನ್ನರ್‌ಗೆ. ಬ್ರೆನ್ನರ್ ಅದನ್ನು ತುಂಡು ತುಂಡು ಮಾಡಿ ಮಾರುತ್ತಾನೆ. ದೀಪ ಒಬ್ಬನಿಗೆ, ಬಾಗಿಲು ಒಬ್ಬನಿಗೆ!

ಮ್ಯೂಸಿಯಂನವರು ಇವತ್ತು ನಾಲ್ಕಕ್ಕೆ ಬರುವವರಿದ್ದರು. ನಾಲ್ಕೂ ಕಂಬಗಳು ನಿಂತಿರಬೇಕು ಎಂದಿದ್ದರು.

ಬೆಳಿಗ್ಗೆ ಭೂಮಿಕಾ ಎದ್ದು ನೋಡಿದರೆ ಮೂರೇ!

ಊರೆಲ್ಲ ಸುತ್ತಿ ವಿಚಾರಿಸಿದೆ, ಯಾರಿಗೂ ಗೊತ್ತಿಲ್ಲ. ಹಾಗಾದರೆ ಕಳ್ಳ ಬೇರೆ ಯಾರು? ನೇರ ಬ್ರೆನ್ನರ್‌ನ ಗೋಡೌನಿಗೆ ನುಗ್ಗಿದ್ದೆ. ಈಗ ಗೋಡೆಗೆ ಆತುಕೊಂಡು ನಿಂತಿದ್ದೆ.

"ಊವೆ, ಇನ್ನೂ ಸ್ವಲ್ಪ ಮುಂದೆ," ಎಂದ ಬ್ರೆನ್ನರ್.

ಫೋರ್ಕ್‌ಲಿಫ್ಟ್ ಗುರ್ ಅಂದಿತು.

ನಾನು ಸರಕ್ಕನೆ ಕುಕ್ಕರಿಸಿದೆ. ಕಬ್ಬಿಣದ ಕೈಗಳ ಕೆಳಗಿನಿಂದ ತೆವಳಿ ಪಕ್ಕಕ್ಕೆ ಬಂದೆ. ಎಮರ್ಜೆನ್ಸಿ ಸ್ಟಾಪ್ ಎಲ್ಲಿರುತ್ತದೆ ಅಂತ ಸೇಫ್ಟಿ ಇಂಜಿನಿಯರ್‌ಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೆಂಪು ಗುಂಡಿ. ಗುದ್ದಿದೆ!

ಗಾಡಿ ಸತ್ತಿತು.

ಊವೆ ಎಗರಿ ಬೀಳಲು ಹೋದ. ಆಗಲಿಲ್ಲ. ಸೀಟ್ ಬೆಲ್ಟ್! ಮನುಷ್ಯನನ್ನು ಗೋಡೆಗೆ ಜಜ್ಜಲು ಬಂದವನು ನಿಯಮದ ಪ್ರಕಾರ ಬೆಲ್ಟ್ ಹಾಕಿಕೊಂಡೇ ಬಂದಿದ್ದ. ಈ ದೇಶದ ಮೇಲೆ ನನಗೆ ಪ್ರೀತಿ ಉಕ್ಕುವುದು ಇಂಥ ಹೊತ್ತಿನಲ್ಲೇ.

ಟಾರ್ಪಾಲಿನ್ ಕಿತ್ತೆ. ಎದೆಯೆತ್ತರದ ಕಂಬ. ತಬ್ಬಿ ಎತ್ತಿದೆ. ಹೂವಿನಂತೆ ಎದ್ದು ಬಂತು. ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ವ್ಯಾನಿಗೆ ಎಸೆದು ಗಾಡಿ ಬಿಟ್ಟೆ.

ಔಟೋಬಾನ್ ಹೆದ್ದಾರಿ ಹತ್ತುವಾಗ ಕನ್ನಡಿಯಲ್ಲಿ ನೋಡಿದೆ. ಕಪ್ಪು ಜೀಪು. ಊವೆ!

ನಾನು ಲೇನ್ ಬದಲಿಸಿದೆ. ಅವನೂ ಬದಲಿಸಿದ. ಇಂಡಿಕೇಟರ್ ಹಾಕಿ! ನಾನು ಆಕ್ಸಿಲರೇಟರ್ ತುಳಿದೆ. ಅವನೂ ತುಳಿದ. ಜೀಪಿನ ಮೂತಿ ನನ್ನ ವ್ಯಾನಿನ ಹಿಂಭಾಗಕ್ಕೆ ತಾಗುವಷ್ಟು ಹತ್ತಿರ ಬಂತು. ಮುಂದೆ ರೈನ್ ಸೇತುವೆ, ಅದು ದಾಟಿದರೆ ಭೂಮಿಕಾಳ ಮನೆ...

ಅಷ್ಟರಲ್ಲಿ ಮುಂದೆ ಕೆಂಪು ಲೈಟುಗಳು.

ಸ್ಟಾವ್!

ಟ್ರಾಫಿಕ್ ಜಾಮ್, ಸ್ವಾಮಿ! ಎಲ್ಲ ಗಾಡಿಗಳೂ ನಿಂತವು. ನಾನು ನಿಂತೆ. ನನ್ನ ಹಿಂದೆ ಊವೆಯೂ ನಿಂತ. ಆಂಬ್ಯುಲೆನ್ಸ್ ಹೋಗಲಿ ಅಂತ ಎಲ್ಲರೂ ಶಿಸ್ತಾಗಿ ಬದಿಗೆ ಸರಿದು ನಡುವೆ ದಾರಿ ಬಿಟ್ಟರು. ಊವೆಯೂ ಸರಿದ. ಬೆನ್ನಟ್ಟುವವನು, ಓಡುವವನು, ಇಬ್ಬರೂ ದಾರಿ ಬಿಟ್ಟು ಕೂತೆವು. ನನಗೆ ಸ್ಟಿಯರಿಂಗಿಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಗಡಿಯಾರ ಮಾತ್ರ ಓಡುತ್ತಿತ್ತು!

ಟಕ್ ಟಕ್!

ಕಿಟಕಿಯಲ್ಲಿ ಊವೆಯ ಮುಖ. ಇಳಿದು ನಡೆದು ಬಂದಿದ್ದ.

"ಬಾಗಿಲು ತೆಗಿ. ಇಲ್ಲಾಂದ್ರೆ ಗಾಜು ಒಡೀತೀನಿ."

ಮುಷ್ಟಿ ಎತ್ತಿದ. ನಾನು ಕಣ್ಣು ಮುಚ್ಚಿದೆ.

"ಏಯ್!" ಪಕ್ಕದ ಕಾರಿನಿಂದ ಒಬ್ಬ ಅಜ್ಜಿ ಗಾಜು ಇಳಿಸಿ ಕಿರುಚಿದಳು. "ಔಟೋಬಾನ್ ಮೇಲೆ ಇಳಿದು ಓಡಾಡ್ತೀಯಾ? ಫೆರ್ಬೋಟನ್, ನಿಷೇಧ! ನಿನ್ನ ನಂಬರ್ ಬರ್ಕೊಂಡಿದೀನಿ!"

ಊವೆಯ ಮುಷ್ಟಿ ಇಳಿಯಿತು. ಮುಖ ಕೆಂಪಾಯಿತು. "ಎಂಟ್‌ಶುಲ್ಡಿಗುಂಗ್," ಎಂದು ಗೊಣಗಿ ಕ್ಷಮೆ ಕೇಳಿ ವಾಪಸ್ಸು ಹೋಗಿ ಕೂತ. ಕೊನೆಗೆ ಜಾಮ್ ಬಿಟ್ಟಾಗ ನಾನು ಎರಡು ಲಾರಿಗಳ ನಡುವೆ ತೂರಿ ಎಕ್ಸಿಟ್ ಹಿಡಿದೆ. ಅವನು ಮುಂದೆ ಹೋಗಿಬಿಟ್ಟ.

ಭೂಮಿಕಾಳ ಗ್ಯಾರೇಜಿಗೆ ನುಗ್ಗಿ ಕಂಬವನ್ನು ಅವಳ ಮುಂದೆ ನಿಲ್ಲಿಸಿದೆ. ಹೀರೋ ಹಾಗೆ!

"ತಗೋರಿ. ನಿಮ್ಮ ನಾಲ್ಕನೇದು."

ಅವಳ ಮುಖ ಅರಳಿತು. ಓಡಿ ಬಂದಳು. ಮುಟ್ಟಿದಳು. ಉಗುರಿನಿಂದ ಕೆರೆದಳು. ಬಗ್ಗಿ ಮೂಸಿದಳು.

"ಬಾಳಪ್ಪ ಅವ್ರ..."

"ಏನ್ರೀ?"

"ಇದು ಪ್ಲಾಸ್ಟಿಕ್ ಅದರೀ. ಅಚ್ಚಿನ್ಯಾಗ ಹೊಯ್ದ ಕಾಪಿ. ನಮ್ಮದರ ಮಾರಿ ಮ್ಯಾಲೆ ಉದ್ದಕ ಒಂದ ಸೀಳ ಅದ. ಇದಕ್ಕ ಎಲ್ಲೆದರೀ?"

ನಾನು ನೋಡಿದೆ. ಇರಲಿಲ್ಲ.

ಮೂಗು ಮುರಿಸಿಕೊಂಡು, ಪ್ರಾಣ ಪಣಕ್ಕಿಟ್ಟು, ಹಾಡಹಗಲೇ ನಾನು ಕದ್ದು ತಂದದ್ದು ಪ್ಲಾಸ್ಟಿಕ್! ಬ್ರೆನ್ನರ್ ನಿಜವನ್ನೇ ಹೇಳಿದ್ದ. ಅದಕ್ಕಿಂತ ದೊಡ್ಡ ಅವಮಾನ ನನ್ನ ಈ ಕಸುಬಿನಲ್ಲಿ ಇನ್ನೊಂದಿಲ್ಲ. ಮೈಯೆಲ್ಲ ಉರಿಯಿತು. ಪಕ್ಕದಲ್ಲಿದ್ದ ಬಕೆಟ್ ಒದ್ದೆ. ಕಾಲೂ ನೋಯಿತು.

"ಮೂರ ಕಂಬ ಅಂದ್ರ ಅವ್ರು ಬ್ಯಾಡ ಅಂತಾರರೀ," ಎಂದಳು ಭೂಮಿಕಾ. "ಬ್ರೆನ್ನರ್ ನಾಳೆನೇ ಲಾರಿ ತಂದು ನಿಲ್ಲಸ್ತಾನ. ಇಷ್ಟ ವರ್ಷ ಮಾಡಿದ್ದೆಲ್ಲ..."

"ಯಾರನ್ನ ಕೇಳೂದು ಬಿಟ್ಟೀನಿ ಹೇಳ್ರಿ!" ಎಂದೆ ನಾನು. " ಬಾಜೂ ಮನ್ಯಾಂವನ್ನ ಕೇಳೀನಿ. ಪೋಸ್ಟ್‌ಮನ್‌ನ ಕೇಳೀನಿ. ಕಸದ ಗಾಡಿಯವ್ರನ್ನೂ ಕೇಳೀನಿ!"

"ಏನ ಹುಡಕಾಕತ್ತೀರೋ?"

ತಿರುಗಿ ನೋಡಿದೆವು. ಬಾಗಿಲಲ್ಲಿ ಸಾವಿತ್ರವ್ವ. ಭೂಮಿಕಾಳ ಅತ್ತೆ. ಮಗನ ಮನೆ ನೋಡಲು ಗುಳೇದಗುಡ್ಡದಿಂದ ಬಂದವರು. ಮಗ ಪ್ರವೀಣಕುಮಾರ ವಾರವೆಲ್ಲ ಬೊಬ್ಲಿಂಗೆನ್‌ನ ಆಫೀಸಿನಲ್ಲಿ. ಅಜ್ಜಿ ಇಲ್ಲಿ ಸೊಸೆಯ ಜೊತೆ, ನಾಲ್ಕು ದೇವರ ಕಂಬಗಳ ಜೊತೆ.

"ಕಂಬ ಯವ್ವಾ. ಒಂದ ಕಂಬ ಕಳುವಾಗೇತಿ," ಎಂದೆ.

"ಯಾವದು? ಮಾರಿ ಸೀಳಿತ್ತಲ್ಲ, ಅದ?"

ಭೂಮಿಕಾ ಅತ್ತೆಯ ಹತ್ತಿರ ಓಡಿದಳು.

"ಅದನ್ನ ಯಾರೂ ಕದ್ದಿಲ್ಲ ತಗೀ. ಭಿನ್ನ ಆದ ಮೂರ್ತಿ ಮನ್ಯಾಗ ಇಟ್ಕೋಬಾರದು. ದಿನಾ ನೋಡಿ ನೋಡಿ ನನ್ನ ಜೀವಾ ತಡೀಲಿಲ್ಲ. ನಸಿಕಿನ್ಯಾಗ ಎದ್ದ ಎಣ್ಣಿ ಹಚ್ಚಿ, ಕುಂಕುಮ ಇಟ್ಟ, ಕಾಯಿ ಒಡದ, ಗಂಗಿಗೆ ಬಿಟ್ಟ ಬಂದೆ."

"ಯಾವ ಗಂಗೀಗ್ರೀ ಅತ್ತೀ?!"

"ಹಿಂದ ಹರಿಯಾಕತ್ತೈತಲ್ಲ, ಅದ!"

ರೈನ್ ನದಿ!

"ನೀವೊಬ್ರ ಹೆಂಗ ಒಯ್ದ್ರಿ?" ನಾನು ಕೇಳಿದೆ.

"ಹುಡುಗ್ರನ್ನ ಕುಂಡ್ರಿಸಿ ಎಳೀತಾರಲ್ಲ, ಆ ಗಾಡಿ ಮ್ಯಾಲ. ನಾಯಿ ಹಿಡ್ಕೊಂಡ ಒಬ್ಬ ಅಜ್ಜ ಬಂದಿದ್ದ, ಆಂವ ಕೈ ಹಚ್ಚಿದ. ಗೂಟನ್ ಮಾರ್ಗನ್ ಅಂದ. ನಾನೂ ಅಂದೆ. ಪಾಪ, ಕೈ ಮುಗದ ಹೋದ."

"ನಮಗ ಹೇಳಬಾರದೇನ್ರೀ ಯವ್ವಾ!"

"ನನ್ನ ಯಾರ ಕೇಳೀರಿ?"

ಊರೆಲ್ಲ ವಿಚಾರಣೆ ಮಾಡಿದ ಮಹಾ ಪತ್ತೇದಾರ ನಾನು, ಮನೆಯೊಳಗಿನ ಅಜ್ಜಿಯನ್ನು ಕೇಳಿರಲಿಲ್ಲ. ನನ್ನ ಮೇಲೇ ನನಗೆ ಸಿಟ್ಟು ಬಂತು.

ಆ ಎಳೆಯುವ ಗಾಡಿಯನ್ನು ವ್ಯಾನಿಗೆ ಹಾಕಿಕೊಂಡು ಹೊರಟೆ.

ಮರ ತೇಲುತ್ತದೆ. ನದಿ ಉತ್ತರಕ್ಕೆ ಹರಿಯುತ್ತದೆ. ದಂಡೆಯಿಂದ ನೀರಿನೊಳಕ್ಕೆ ಚಾಚಿದ ಕಲ್ಲಿನ ಕಟ್ಟೆಗಳಿವೆ. ತೇಲಿ ಬಂದದ್ದೆಲ್ಲ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಮೊದಲ ಕಟ್ಟೆಗೆ ಓಡಿದೆ. ಬಾಟಲಿಗಳು! ಮುಂದಿನದಕ್ಕೆ ಓಡಿದೆ. ಸೈಕಲ್ ಟೈರು! ಅದರ ಮುಂದಿನದರಲ್ಲಿ ಕಾಡುಬಾತುಗಳು ನನ್ನನ್ನೇ ಅಟ್ಟಿಸಿಕೊಂಡು ಬಂದವು. ಇವತ್ತು ನನ್ನನ್ನು ಅಟ್ಟದವರು ಯಾರೂ ಉಳಿದಿರಲಿಲ್ಲ. ಮತ್ತೆ ವ್ಯಾನ್, ಮತ್ತೆ ಕಟ್ಟೆ, ಮತ್ತೆ ಕಸ...

ಊರು ದಾಟಿದ ಮೇಲೆ ಒಂದು ಕಟ್ಟೆಯ ಮೂಲೆಯಲ್ಲಿ, ಕೊಂಬೆಗಳ ನಡುವೆ, ಅದು ಮಲಗಿತ್ತು.

ಕಣ್ಣು ಬಿಟ್ಟುಕೊಂಡು. ಆಕಾಶಕ್ಕೆ ನಾಲಿಗೆ ಚಾಚಿಕೊಂಡು. ಹಣೆಯ ಕೆತ್ತನೆಯಲ್ಲಿ ಎಣ್ಣೆ ಬೆರೆತ ಕುಂಕುಮ. ಇಡೀ ರೈನ್ ನದಿಗೂ ಅದನ್ನು ತೊಳೆಯಲಾಗಿರಲಿಲ್ಲ.

ಸೊಂಟದವರೆಗೆ ನೀರಿಗಿಳಿದೆ. ಹಲ್ಲು ಕಟಕಟ ಎಂದವು. ತಬ್ಬಿದೆ. ಇದು ಮರ! ಹೆಣದಷ್ಟು ಭಾರ! ಕಲ್ಲಿನ ಮೇಲೆ ಎಳೆದು ಹಾಕಿ ತಲೆ ಎತ್ತಿದೆ.

ಎದುರಿಗೆ ಎರಡು ಬೂಟುಗಳು.

"ಬೆಳಗಿನಿಂದ ಹುಡುಕ್ತಿದ್ದದ್ದು ಇದಾ?" ಎಂದ ಊವೆ. ದಂಡೆಯ ರಸ್ತೆಯಲ್ಲಿ ನನ್ನ ವ್ಯಾನ್ ಕಂಡು ಹಿಂದೆಯೇ ಬಂದಿದ್ದ. "ಬಿಡು. ಎರಡೂ ನನಗೆ ಬೇಕು. ಇದೂ, ನೀನು ಕದ್ದದ್ದೂ."

ಬಗ್ಗಿ ಕಂಬಕ್ಕೆ ಕೈ ಹಾಕಿದ. ಕೆಂಪು ಅಂಟಿತು. ಬೆರಳು ನೋಡಿಕೊಂಡ.

"ಏನಿದು? ರಕ್ತ?"

ಓಡುವ ಶಕ್ತಿ ಇರಲಿಲ್ಲ. ಹೊಡೆಯುವ ಶಕ್ತಿ ಮೊದಲೇ ಇರಲಿಲ್ಲ. ಬಾಯೊಂದೇ ಉಳಿದಿತ್ತು.

"ಹೌದು. ನಂದು. ನೀನು ಮುರಿದ ಮೂಗಿಂದು. ಪೊಲೀಸರಿಗೆ ಫೋನ್ ಮಾಡಾಗಿದೆ, ಬರ್ತಿದಾರೆ. ಒತ್ತು ಊವೆ, ಇನ್ನೂ ಜೋರಾಗಿ ಒತ್ತು! ಹತ್ತೂ ಬೆರಳು ಚೆನ್ನಾಗಿ ಮೂಡ್ಲಿ!"

ಬಿಸಿ ಹಂಚು ಮುಟ್ಟಿದವನಂತೆ ಕೈ ಕಿತ್ತುಕೊಂಡ.

"ನಿನ್ನ ಪ್ಲಾಸ್ಟಿಕ್ ಕಂಬ ಗ್ಯಾರೇಜಿನ ಹೊರಗೆ ನಿಲ್ಲಿಸಿರ್ತೀನಿ. ನಾಳೆ ಬಂದು ತಗೊಂಡು ಹೋಗು. ಸದ್ದಿಲ್ಲದೆ."

ಅವನು ಬೆರಳನ್ನು ಪ್ಯಾಂಟಿಗೆ ಉಜ್ಜಿದ. ಉಜ್ಜಿದಷ್ಟೂ ಹರಡಿತು. ಬೈದುಕೊಳ್ಳುತ್ತಾ ಹೋದ. ಸಾವಿತ್ರವ್ವನ ಕುಂಕುಮ ನನಗೆ ಮಾಡಿದ ಒಂದೇ ಉಪಕಾರ ಅದು.

ಮನೆಗೆ ಬಂದಾಗ ಮ್ಯೂಸಿಯಂನ ಕಾರು ಆಗಲೇ ನಿಂತಿತ್ತು. ಮ್ಯೂಸಿಯಂನ ಅಧಿಕಾರಿ ಫ್ರಾವ್ ಜೈಡೆಲ್ ಗ್ಯಾರೇಜಿನೊಳಗೆ, ನಾಲ್ಕನೇ ಕಂಬದ ಖಾಲಿ ಜಾಗದ ಮುಂದೆ, ಕೈಕಟ್ಟಿ ನಿಂತಿದ್ದರು. ಭೂಮಿಕಾ ರಸ್ತೆಯನ್ನೇ ನೋಡುತ್ತಿದ್ದಳು.

"ಬಂತು!" ಎಂದು ಕೂಗುತ್ತಾ ಗಾಡಿ ಎಳೆದುಕೊಂಡು ಓಡಿದೆ.

ಬಾಗಿಲಲ್ಲಿ ಎರಡು ಕೈ ಅಡ್ಡ ಬಂದವು. ಸಾವಿತ್ರವ್ವ!

"ಎಲ್ಲಿಗಿ ಒಯ್ಯಾಕತ್ತಿ? ಗಂಗಿಗೆ ಬಿಟ್ಟಿದ್ದನ್ನ ತಿರಗಿ ಮನಿಗೆ ತರ್ತಾರೇನ? ಭಿನ್ನ ಆಗೈತಿ ಅದು!"

"ಯವ್ವಾ, ಸರೀರಿ!"

"ಸರಿಯಂಗಿಲ್ಲ! ನನ್ನ ಮಗಾ, ಸೊಸಿ ಇರೂ ಮನಿ ಇದು!"

ಫೋರ್ಕ್‌ಲಿಫ್ಟ್ ಕೆಳಗಿನಿಂದ ತೆವಳಿ ಪಾರಾಗಿ ಬಂದವನು ನಾನು. ಈ ಇಳಕಲ್ ಸೀರೆಯನ್ನು ದಾಟುವ ದಾರಿ ನನಗೆ ಗೊತ್ತಿರಲಿಲ್ಲ. ಅಳು ಬಂತು. ನಿಜವಾಗಿಯೂ!

"ಒಡೆದದ್ದು ನಮಗೆ ತೊಂದರೆಯಿಲ್ಲ," ಎಂದರು ಫ್ರಾವ್ ಜೈಡೆಲ್. "ಆದರೆ ನಾಲ್ಕೂ ಒಟ್ಟಿಗೆ ಒಳಗೆ ನಿಂತದ್ದನ್ನು ನಾನು ನೋಡಲೇಬೇಕು. ಈ ಹಿರಿಯರು ಏನು ಹೇಳ್ತಿದ್ದಾರೆ?"

ಭೂಮಿಕಾ ಅತ್ತೆಯ ಕೈ ಹಿಡಿದಳು. "ಅತ್ತೀ, ಇವು ಇಲ್ಲೆ ಇರೂವಲ್ಲರೀ. ಇವ್ರು ಮ್ಯೂಸಿಯಂನವ್ರು. ನಾಲ್ಕೂ ಅಲ್ಲಿಗೇ ಹೋಗ್ತಾವ."

ಸಾವಿತ್ರವ್ವನ ಕೈ ಇಳಿಯಿತು.

"ಮ್ಯೂಜಿಯಮ್ಮಿಗೆ?"

"ಹೂಂ ರೀ."

"ಬಾದಾಮಿ ಮ್ಯೂಜಿಯಮ್ಮಿನ್ಯಾಗ ಮೂಗ ಇದ್ದ ದೇವ್ರನ್ನ ನಾ ಒಂದೂ ಕಂಡಿಲ್ಲ. ಕೈ ಇಲ್ಲ, ಕಾಲಿಲ್ಲ. ಭಿನ್ನ ಆದ ದೇವ್ರು ಇರೂದ ಅಲ್ಲಿ! ಇಷ್ಟ ಮಾತ ಮದ್ಲ ಹೇಳಾಕ ನಿನಗ ಏನಾಗಿತ್ತ?"

ಭೂಮಿಕಾ ತಲೆ ತಗ್ಗಿಸಿದಳು. ಅತ್ತೆಗೆ ಇದೆಲ್ಲ ತಿಳಿಯುವುದಿಲ್ಲ ಅಂದುಕೊಂಡು ವರ್ಷಗಟ್ಟಲೆಯ ಕೆಲಸದ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ ಅವಳು.

ಸಾವಿತ್ರವ್ವ ಸರಿದು ನಿಂತರು. ನಾನು ಕಂಬ ನಿಲ್ಲಿಸಿದೆ. ನಾಲ್ಕು ನಾಲಿಗೆಗಳು ಸಾಲಾಗಿ ಹೊರಬಂದವು. ಫ್ರಾವ್ ಜೈಡೆಲ್ ಸೀಳನ್ನು ನೋಡಿದರು, ಕುಂಕುಮ ನೋಡಿದರು, "ಇದನ್ನು ಅಳಿಸಬೇಡಿ," ಎಂದರು. ಕೋಣೆ ಇಡಿಯಾಗಿ ಹೋಗುತ್ತದೆ ಎಂದರು. ಭೂಮಿಕಾ ಅತ್ತೆಯ ಹೆಗಲಿಗೆ ಮುಖ ಒತ್ತಿ ಅತ್ತಳು.

ಒಳಗಿನಿಂದ ಏಲಕ್ಕಿ ಚಹಾದ ವಾಸನೆ ಬಂತು. ಒದ್ದೆ ಪ್ಯಾಂಟಿನಲ್ಲೇ ಮನೆ ಬಾಗಿಲ ಕಡೆ ನಡೆದೆ.

ಎರಡು ಕೈ ಮತ್ತೆ ಅಡ್ಡ ಬಂದವು.

"ನೀ ಎಲ್ಲಿಗಿ?"

"ಚಾ ಕುಡ್ಯಾಕ ಯವ್ವಾ."

ಸಾವಿತ್ರವ್ವ ನನ್ನ ಮುರಿದ ಮೂಗನ್ನೇ ನೋಡಿದರು. ಆಮೇಲೆ ಗ್ಯಾರೇಜಿನ ಸೀಳು ಕಂಬದ ಕಡೆ ನೋಡಿದರು.

ಚಹಾ ನಾನು ಹೊರಗೆ ನಿಂತೇ ಕುಡಿದೆ.