ಮಂತ್ರವಾದಿಗೆ ಹಾಡಿದ ಬೀಗರ ಹಾಡು

ಬೆಟ್ಟಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ ಗಂಧವತಿ ಎಂಬ ರಾಜ್ಯವಿತ್ತು. ಅಲ್ಲಿ ಅರಸನಿಂದ ಅಂಬಿಗನವರೆಗೆ ಎಲ್ಲರ ಬಾಯಲ್ಲೂ ಒಂದೇ ಹಾಡು: "ಕರಿಮುಗಿಲ ಏರಿ ಬಾರಯ್ಯ, ನಮ್ಮ ಮನೆಯ ಬೆಳಕ ಕೈಹಿಡಿಯಯ್ಯ." ಮಳೆಯನ್ನು ಕರೆಯುವ ಹಾಡೆಂದೇ ಎಲ್ಲರೂ ತಿಳಿದಿದ್ದರು. ರಾಜಕುಮಾರಿ ಇಂದುಮುಖಿಯಂತೂ ತಲೆ ಬಾಚುವಾಗಲೂ ಅದನ್ನೇ ಗುನುಗುತ್ತಿದ್ದಳು, ಪಾಪ.

ಒಂದು ಬೆಳಗ್ಗೆ ಕರಿಮುಗಿಲು ಅರಮನೆಯಂಗಳಕ್ಕೆ ಇಳಿಯಿತು. ಮೇಲಿದ್ದವನು ಮಂತ್ರವಾದಿ ಧೂಮಕೇಶ. ಹಿಂದೆ ರುಮಾಲು ಸುತ್ತಿದ ಹುಲಿಗಳ ದಿಬ್ಬಣ.

"ಆ ಹಾಡು ಕಟ್ಟಿ ನಿಮ್ಮ ಊರಿಗೆ ಬಿಟ್ಟವನು ನಾನೇ. ಮುಗಿಲೇರುವವನು ನಾನು, ಮನೆಯ ಬೆಳಕು ನಿಮ್ಮ ಮಗಳು. ಊರಿಗೆ ಊರೇ ಕರೆದಿದ್ದೀರಿ, ಬಂದಿದ್ದೇನೆ," ಎಂದ.

ಕರೆದ ವರನನ್ನು ಹಿಂದೆ ಕಳಿಸಿದರೆ ಆ ರಾಜ್ಯದಲ್ಲಿ ಮನೆಮಂದಿಯೆಲ್ಲ ಕಲ್ಲಾಗುತ್ತಿದ್ದರು. ಇಂದುಮುಖಿಗೆ ಅಳು ಒತ್ತರಿಸಿ ಬಂತು. ಅಷ್ಟರಲ್ಲಿ ಇನ್ನೊಂದು ಕಟ್ಟಳೆ ನೆನಪಾಯಿತು. ಊಟದ ಪಂಕ್ತಿಯಲ್ಲಿ ಹೆಣ್ಣಿನ ಕಡೆಯವರು ಮೂರು ಬೀಗರ ಹಾಡು ಹೇಳಿ ವರನನ್ನು ಗೇಲಿ ಮಾಡಬೇಕು. ಅವನು ಸಿಟ್ಟಾದರೆ ಮದುವೆ ಮುರಿಯುತ್ತದೆ, ಅವನ ವಿದ್ಯೆಯೂ ಇಳಿದುಹೋಗುತ್ತದೆ.

"ಎಲೆ ಹಾಕಿಸಿ ಅಪ್ಪಾಜಿ," ಎಂದಳು.

ಮೊದಲ ಹಾಡಿನಲ್ಲಿ ಹೆಂಗಸರು ಅವನ ಗಡ್ಡದೊಳಗೆ ಗುಬ್ಬಿಗಳ ಸಂಸಾರ ಹೂಡಿಸಿದರು. ಧೂಮಕೇಶ ನಕ್ಕು ಹೋಳಿಗೆ ಮುರಿದ. ಎರಡನೆಯದರಲ್ಲಿ ಅವನ ತಾಯಿಯ ಅಡುಗೆಗೆ ಹೆದರಿ ದೆವ್ವಗಳೂ ಉಪವಾಸ ಬಿದ್ದವು. ಅವನು ಇನ್ನೂ ಜೋರಾಗಿ ನಕ್ಕು ತುಪ್ಪ ಕೇಳಿದ. ಇವನಿಗೆ ಗೇಲಿ ನಾಟುವುದೇ ಇಲ್ಲವಲ್ಲ ಎಂದು ಇಂದುಮುಖಿಯ ಎದೆ ಹೊಡೆದುಕೊಂಡಿತು. ಹಾಡಿನೊಳಗೆ ಗುಟ್ಟು ಬಚ್ಚಿಡುವವನಿಗೆ ಗುಟ್ಟೇ ಇಲ್ಲದ ಹಾಡು ಹೇಳಿದರೆ? ಮೂರನೆಯದನ್ನು ತಾನೇ ಎತ್ತಿಕೊಂಡಳು:

"ಬೀಗರು ಬಂದರು, ಕಾಲು ತೊಳೆದರು,
ಹೋಳಿಗೆ ತಿಂದರು, ನೀರು ಕುಡಿದರು."

ಧೂಮಕೇಶನ ಕೈಯ ತುತ್ತು ಅಲ್ಲೇ ನಿಂತಿತು. "ಇದರ ಒಳಗಿನ ಅರ್ಥವೇನು?"

"ಏನೂ ಇಲ್ಲ ಸ್ವಾಮಿ."

"ನೀರು ಅಂದರೆ ಯಾರು? ನಮ್ಮಜ್ಜನೋ?"

"ನೀರು ಅಂದರೆ ನೀರು. ಬಾವಿಯದು."

"ಓಹೋ, ಈಗ ಬಾವಿಯನ್ನೂ ಎಳೆದು ತಂದಳು!" ಅವನ ಮುಖ ಕೆಂಪಗಾಯಿತು. "ಅರ್ಥವಿಲ್ಲದ ಹಾಡೂ ಉಂಟೇ? ನನ್ನ ವಂಶಕ್ಕೇ ಅವಮಾನ!" ಎಂದು ಎಲೆ ಒದ್ದು ಎದ್ದ.

ಒದ್ದದ್ದೇ ತಡ, ಅವನ ವಿದ್ಯೆಯೆಲ್ಲ ಹೊಗೆಯಾಗಿ ಹಾರಿಹೋಯಿತು. ಅವನ ಮಂತ್ರದಿಂದ ಹುಲಿಗಳಾಗಿದ್ದವರು ಮತ್ತೆ ಮನುಷ್ಯರಾಗಿ, ಅವನನ್ನು ಗಡಿಯಾಚೆ ಅಟ್ಟಿ ಬಂದು ಪಾಯಸಕ್ಕೆ ಕೂತರು. ಇಂದುಮುಖಿಗೆ ಹೋದ ಜೀವ ಬಂದಂತಾಯಿತು.

"ಮಗಳೇ," ಅರಸ ಅವಳ ಕಿವಿಯಲ್ಲಿ ಕೇಳಿದ, "ನನಗಾದರೂ ಹೇಳು. ನೀರು ಅಂದರೆ ಯಾರು?"

ಅವಳು ನಗುತ್ತಾ ಅವನ ಲೋಟ ತುಂಬಿಸಿದಳು.

ಅಂದಿನಿಂದ ಗಂಧವತಿಯ ಜನ ಸುಖವಾಗಿ ಬಾಳಿದರು. ಅರಸ ಮಾತ್ರ ನೀರು ಕುಡಿಯುವ ಮೊದಲು ಲೋಟದೊಳಗೆ ಒಮ್ಮೆ ಬಗ್ಗಿ ನೋಡುತ್ತಿದ್ದನಂತೆ.