ವಿಭೂತಿ ಹಚ್ಚಿದ ಡಿಸ್ಕು

"ಅದರ ಬಾಯಾಗ ವಿಭೂತಿ ಹೋಗೇತಿ ಅಜ್ಜಿ. ಅದಕ್ಕ ಓಪನ್ ಆಗವಲ್ದು."

ಗಂಗೋತ್ರಿ ಡಿಸ್ಕಿನ ವೈರು ಕಿತ್ತಳು, ತೂತಿಗೆ ಉಫ್ ಎಂದು ಊದಿದಳು, ಮತ್ತೆ ಕಂಪ್ಯೂಟರಿಗೆ ಚುಚ್ಚಿದಳು. ಟಿಡಿಂಗ್ ಎಂದು ಸದ್ದಾಯಿತು. ಪರದೆಯ ಮೇಲೆ ಅದೇ ಚಿಕ್ಕ ಚೌಕ ಬಂದು ಕೂತಿತು. ಇದು ಐದನೇ ಸಲ.

ಅಜ್ಜಿ ಕೊಟ್ರಬಸಮ್ಮ ಪಕ್ಕದಲ್ಲೇ ನಿಂತಿದ್ದಳು. ಅವಳ ಮೂರು ಬೆರಳ ತುದಿ ಇನ್ನೂ ಬೆಳ್ಳಗಿತ್ತು.

ಕುರುಗೋಡಿನ ಆ ಮನೆಗೆ ಹೊಸದಾಗಿ ಏನೇ ಬರಲಿ, ಅಜ್ಜಿ ವಿಭೂತಿ ಎಳೆಯದೆ ಬಿಡುತ್ತಿರಲಿಲ್ಲ. ಸೈಕಲ್ಲಿಗೆ ಹಚ್ಚಿದ್ದಳು, ಮಿಕ್ಸರಿಗೆ ಹಚ್ಚಿದ್ದಳು. ಗ್ಯಾಸ್ ಸಿಲಿಂಡರಿಗಂತೂ ಬಂದಾಗಲೆಲ್ಲ ಹಚ್ಚುತ್ತಿದ್ದಳು. "ಇದು ಹೋದ ಸಲದ್ದಲ್ಲ, ಬ್ಯಾರೆ ಸಿಲಿಂಡರು" ಎನ್ನುವುದು ಅವಳ ವಾದ. ಗಂಗೋತ್ರಿಯ ಗಣಿತದ ಗೈಡಿಗೂ ಹಚ್ಚಿದ್ದಳು. ಅದು ಫಲ ಕೊಟ್ಟಿರಲಿಲ್ಲ. ಗಂಗೋತ್ರಿ ಆ ಗೈಡು ತೆರೆದೇ ಇರಲಿಲ್ಲ ಎಂಬುದು ಬೇರೆ ಮಾತು.

ಇವತ್ತು ಡಿಸ್ಕಿನ ಸರದಿ. ಅಂಗೈಯಷ್ಟು ಅಗಲದ ಕರಿ ಡಬ್ಬಿ. ಅದಕ್ಕೆ ಹಣೆ ಯಾವುದು, ಬಾಯಿ ಯಾವುದು ಎಂದು ಅಜ್ಜಿಗೆ ಹೇಗೆ ಗೊತ್ತಾಗಬೇಕು? ಸರಿಯಾಗಿ ವೈರು ಚುಚ್ಚುವ ತೂತಿನ ಮೇಲೆಯೇ ಮೂರು ಪಟ್ಟೆ ಎಳೆದಿದ್ದಳು.

ಆ ಡಬ್ಬಿಯೊಳಗೆ ಆರನೇ ತರಗತಿಯ ಮಕ್ಕಳೆಲ್ಲ ಸೇರಿ ಮಾಡಿದ ಸಿನಿಮಾ ಇತ್ತು. ದೊಡ್ಡಪ್ಪನ ಮಗಳು ಅಕ್ಷತಕ್ಕ ಕಾಲೇಜಿನಲ್ಲಿ ಸಿನಿಮಾ ಮಾಡುವುದನ್ನೇ ಓದುತ್ತಾಳೆ. ರಜೆಗೆ ಬಂದವಳು ಹತ್ತು ದಿನ ಕ್ಯಾಮೆರಾ ಹಿಡಿದು ಇವರ ಹಿಂದೆ ಸುತ್ತಿದಳು. ತನ್ನ ಆಪಲ್ ಲ್ಯಾಪ್‌ಟಾಪಿನಲ್ಲಿ ಕತ್ತರಿಸಿ, ಜೋಡಿಸಿ, ಇವತ್ತು ಬೆಳಗ್ಗೆ ಡಿಸ್ಕನ್ನು ಗಂಗೋತ್ರಿಯ ಕೈಗೆ ಕೊಟ್ಟು ರೈಲು ಹತ್ತಿದ್ದಳು.

"ನನ್ನ ಲ್ಯಾಪ್‌ಟಾಪ್ ತುಂಬಿ ಹೋಗಿತ್ತು ಗಂಗಿ. ಎಲ್ಲಾ ತೆಗದು ಇದರಾಗ ಹಾಕೀನಿ. ಇರೋದು ಇದೊಂದೇ ಕಾಪಿ. ಜ್ವಾಕಿ."

ಸೋಮವಾರ ಶಾಲೆಯಲ್ಲಿ ಅದನ್ನು ಎಲ್ಲರಿಗೂ ತೋರಿಸಬೇಕು. ಇವತ್ತು ಶುಕ್ರವಾರ. ಅಕ್ಷತಕ್ಕನ ಫೋನು ಸಂಜೆಯಿಂದ ಸ್ವಿಚ್ ಆಫ್.

"ಏನು ಬರದೈತಿ ಅದರಾಗ?" ಅಜ್ಜಿ ಪರದೆಯ ಚೌಕ ತೋರಿಸಿ ಕೇಳಿದಳು.

"ಡಿಸ್ಕನ್ನ ಫಾರ್ಮ್ಯಾಟ್ ಮಾಡಿದ್ರ ಮಾತ್ರ ಬಳಸಾಕ ಬರ್ತೈತಂತ. ಮಾಡ್ಲಾ ಅಂತ ಕೇಳಾಕತ್ತೈತಿ."

"ಫಾರ್ಮ್ಯಾಟ್ ಅಂದ್ರ?"

"ಅದೂ... ರಿಪೇರಿ ಇರಬೇಕು."

"ಇರಬೇಕು ಅಂದ್ರ ನಿಂಗೂ ಗೊತ್ತಿಲ್ಲ."

ಗಂಗೋತ್ರಿಯ ಬೆರಳು ಆಗಲೇ ಮೌಸಿನ ಮೇಲಿತ್ತು. ಅಜ್ಜಿ ತನ್ನ ಕೈಯನ್ನು ಆ ಕೈಯ ಮೇಲೆ ಇಟ್ಟಳು.

"ತಿಳೀಲಾರದ್ದಕ್ಕ ಹೂಂ ಅನಬ್ಯಾಡವ್ವ. ತಿಳದೋರನ್ನ ಕೇಳಣು."

"ನಿಂಗೇನು ಗೊತ್ತಾಗ್ತೈತಿ ಅಜ್ಜಿ? ನಿಂಗ ಓದಾಕ ಬರಂಗಿಲ್ಲ. ನೀನ ಕೆಡಿಸಿ, ಈಗ ನೀನ..."

ಗಂಗೋತ್ರಿ ಅಲ್ಲಿಗೆ ನಿಲ್ಲಿಸಿದಳು. ಅಜ್ಜಿ ಕೈ ತೆಗೆಯಲಿಲ್ಲ. ಕಡೆಗೆ ಗಂಗೋತ್ರಿಯೇ ತನ್ನ ಕೈ ಎಳೆದುಕೊಂಡು ಕಂಪ್ಯೂಟರ್ ಆಫ್ ಮಾಡಿದಳು.

ಮಾರನೆಯ ದಿನ ಬೆಳಗ್ಗೆ ಅಮ್ಮ ಹೊಸ ಕಸಬರಿಗೆ ತಂದಳು. ಅಜ್ಜಿ ಅದನ್ನು ಇಸಿದುಕೊಂಡು, ಎರಡು ಕ್ಷಣ ನೋಡಿ, ಹಾಗೆಯೇ ಮೂಲೆಗೆ ನಿಲ್ಲಿಸಿದಳು. ವಿಭೂತಿ ಇಲ್ಲದ ಕಸಬರಿಗೆ ಬೋಳುಬೋಳಾಗಿ ಕಾಣಿಸಿತು. ಗಂಗೋತ್ರಿ ಅರ್ಧ ಇಡ್ಲಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದಳು.

ಶಾಲೆಯ ಗೇಟಿನಲ್ಲೇ ಓಬಳೇಶ ಸಿಕ್ಕಿದ.

ಓಬಳೇಶನೇ ಆ ಸಿನಿಮಾದ ಹೀರೋ. ಊರು ಕರೂರು. ಇಲ್ಲಿ ಹಾಸ್ಟೆಲಿನಲ್ಲಿ ಇದ್ದು ಓದುತ್ತಾನೆ. ಅವನ ಗಂಟಲೊಳಗೆ ಒಂದು ಸಣ್ಣ ಊರೇ ಇತ್ತು. ರೈಸ್ ಮಿಲ್ಲಿನ ಬೆಲ್ಟು, ಗದ್ದೆಯ ಕೊಕ್ಕರೆ, ಕೆಟ್ಟ ಟ್ರಾಕ್ಟರು, ಬಸ್ಸಿನ ಕಂಡಕ್ಟರು, ಯಾವುದನ್ನು ಕೇಳಿದರೂ ತೆಗೆದು ಕೊಡುತ್ತಿದ್ದ. ಹೆಡ್ ಮೇಡಂ ಕೆಮ್ಮುವ ಸದ್ದು ಮಾತ್ರ ಮೇಡಂ ಊರಲ್ಲಿಲ್ಲದಾಗ.

"ಲೇ ಗಂಗಿ, ನಮ್ಮವ್ವ ಸೋಮವಾರ ಬರ್ತಾಳಂತ. ನಿನ್ನೆ ಫೋನ್ ಮಾಡಿದ್ಲು." ಓಬಳೇಶ ಸೊಂಟದ ಮೇಲೆ ಕೈಯಿಟ್ಟು ದನಿ ಬದಲಿಸಿದ. "ಓಬಳ್ಯಾ, ನಾಟಿ ಕೆಲಸ ಒಂದಿನ ಬಿಟ್ಟು ಬರಾಕತ್ತೀನಿ. ನೀ ಸಿನಿಮಾದಾಗ ಇಲ್ಲಂದ್ರ ನಿನ್ನ ಕಿವಿ ನಿನ್ನ ಜಾಗದಾಗ ಇರಂಗಿಲ್ಲ."

ಗಂಗೋತ್ರಿಗೆ ನಗು ಬರಲಿಲ್ಲ.

"ಆರರ ಬಸ್ಸಿಗೆ ಸಿರುಗುಪ್ಪಕ್ಕ ಬಂದು, ಅಲ್ಲಿಂದ ಇಲ್ಲಿಗೆ ಬರ್ತಾಳಂತ. ನಮ್ಮ ಸಾಲಿಗೆ ಬರೋದು ಇದ ಫಸ್ಟ್ ಟೈಮು. ಸಿನಿಮಾ ಓಡ್ತೈತಲ್ಲ?"

"ಓಡ್ತೈತಿ" ಎಂದಳು ಗಂಗೋತ್ರಿ. ಎಂದವಳೇ ಕ್ಲಾಸಿಗೆ ಓಡಿದಳು.

ಶನಿವಾರ ಅರ್ಧ ದಿನ ಶಾಲೆ. ಮನೆಗೆ ಬಂದು ನೋಡಿದರೆ ಅಪ್ಪ ಮನೆ ಮುಂದಿನ ತನ್ನ ಗೊಬ್ಬರದ ಅಂಗಡಿಯಲ್ಲಿ ಲೋಡು ಇಳಿಸಿಕೊಳ್ಳುತ್ತಿದ್ದ. "ಡಿಸ್ಕು ತೋರ್ಸಾಕ ನಾಳೆ ಬಳ್ಳಾರಿಗೆ ಹೋಗಣು" ಎಂದ. ನಾಳೆ ಭಾನುವಾರ, ಅಂಗಡಿಗಳು ಮುಚ್ಚಿರುತ್ತವೆ.

ಬಾಗಿಲಲ್ಲಿ ಅಜ್ಜಿ ಚಪ್ಪಲಿ ಮೆಟ್ಟಿ ನಿಂತಿದ್ದಳು. ಕೈಯಲ್ಲಿ ಬಟ್ಟೆಚೀಲ.

"ನಡಿ, ನಾ ಬರ್ತೀನಿ. ಕೆಡಿಸಿದಾಕಿ ನಾನ" ಎಂದಳು. ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಗಂಗೋತ್ರಿಗೆ. ಡಿಸ್ಕಿನ ಜೊತೆ ಅಪ್ಪನ ಮೇಜಿನ ಮೇಲಿದ್ದ ಖಾಲಿ ಪೆನ್‌ಡ್ರೈವನ್ನೂ ಚೀಲಕ್ಕೆ ಹಾಕಿಕೊಂಡಳು.

ಬಳ್ಳಾರಿಯ ಗಾಂಧಿನಗರದಲ್ಲಿ ಶಶಿಕಾಂತ್ ಎನ್ನುವವರ ಕಂಪ್ಯೂಟರ್ ರಿಪೇರಿ ಅಂಗಡಿ ಇತ್ತು. ಬಿಚ್ಚಿಟ್ಟ ಲ್ಯಾಪ್‌ಟಾಪುಗಳ ನಡುವೆ ಅವರು ಡಾಕ್ಟರರ ಹಾಗೆ ಕೂತಿದ್ದರು.

"ಬರ್ರಿ ಅಮ್ಮಾ, ಕುಂದ್ರಿ. ಏನಾಗೇತಿ ಪೇಶಂಟಿಗೆ?"

"ನಾನು ಅದರ ಬಾಯಿಗೆ ವಿಭೂತಿ ಹಚ್ಚಿಬಿಟ್ಟೀನಪ್ಪ" ಎಂದಳು ಅಜ್ಜಿ, ಗಂಗೋತ್ರಿ ಬಾಯಿ ತೆರೆಯುವ ಮೊದಲೇ.

ಶಶಿಕಾಂತ್ ಡಿಸ್ಕನ್ನು ಬೆಳಕಿಗೆ ಹಿಡಿದು ನೋಡಿದರು. ಸಣ್ಣ ಬ್ರಶ್ಶಿನಿಂದ ಎರಡು ಸಲ ಗುಡಿಸಿದರು. ತಮ್ಮ ಕಂಪ್ಯೂಟರಿಗೆ ಚುಚ್ಚಿದರು. ಟಿಡಿಂಗ್. ಅದೇ ಚೌಕ.

ಗಂಗೋತ್ರಿ ಮೇಜಿನ ಹತ್ತಿರಕ್ಕೆ ಸರಿದಳು.

"ನೀವು ಇದಕ್ಕ ಹೂಂ ಅಂದ್ರೇನು?" ಶಶಿಕಾಂತ್ ಥಟ್ಟನೆ ತಿರುಗಿ ಕೇಳಿದರು.

"ಇಲ್ರಿ. ಅನ್ನಾಕ ಹೋಗಿದ್ದೆ. ಅಜ್ಜಿ ಬಿಡಲಿಲ್ರಿ."

"ಬಚಾವಾದ್ರಿ. ಹೂಂ ಅಂದಿದ್ರ ಒಳಗ ಇದ್ದದ್ದೆಲ್ಲಾ ಗುಡಿಸಿ ಹೊರಗ ಹಾಕತಿತ್ತು." ಅವರು ಉಸಿರು ಬಿಟ್ಟರು. "ವಿಭೂತಿಯಿಂದ ಏನೂ ಆಗಿಲ್ಲ. ಡಿಸ್ಕು ಗಟ್ಟಿಮುಟ್ಟಾಗಿ ಐತಿ. ಇದಕ್ಕ ತುಂಬಿದ್ದು ಆಪಲ್ ಲ್ಯಾಪ್‌ಟಾಪಿನ್ಯಾಗ ಹೌದಲ್ಲೋ?"

"ಹೌದ್ರಿ."

"ಆಪಲ್ಲು ತನ್ನ ಪದ್ಧತಿಯಾಗ ಬರದೈತಿ. ನಮ್ಮ ಈ ವಿಂಡೋಸಿಗೆ ಅದನ್ನ ಓದಾಕ ಬರಂಗಿಲ್ಲ. ನಂಗ ಬರಂಗಿಲ್ಲಪ್ಪ ಅಂತ ಒಪ್ಕೊಂಡಿದ್ರ ಚಲೋ ಇತ್ತು. ಒಪ್ಕೊಳ್ಳಂಗಿಲ್ಲ." ಶಶಿಕಾಂತ್ ಹೊಟ್ಟೆ ಮುಂದೆ ಚಾಚಿ, ಮೂಗಿನ ತುದಿಗೆ ಕನ್ನಡಕ ಇಳಿಸಿ ದಪ್ಪ ದನಿ ತೆಗೆದರು. "ಏನ್ರೀ ಇದು, ಇದರಾಗ ಏನೂ ಬರದಿಲ್ಲ. ಖಾಲಿ ಐತಿ. ಒರೆಸಿ ಹೊಸದಾಗಿ ಬರೀಲಾ? ಹೀಂಗ ಕೇಳ್ತೈತಿ ನೋಡು."

ಗಂಗೋತ್ರಿ ನಕ್ಕಳು. ನಗುತ್ತಿದ್ದವಳು ನಿಲ್ಲಿಸಿದಳು. ವಿಭೂತಿಯಿಂದ ಏನೂ ಆಗಿಲ್ಲ ಎಂಬ ಮಾತು ಆಗ ತಲೆಗೆ ಹೋಗಿತ್ತು. ಅಜ್ಜಿಯ ಕಡೆ ತಿರುಗಿದಳು.

ಅಜ್ಜಿ ಬೆಂಚಿನ ಮೇಲೆ ಕೂತು, ಅಲ್ಲಿ ಬಿದ್ದಿದ್ದ ಪೇಪರನ್ನು ಹರಡಿಕೊಂಡಿದ್ದಳು. ಅದು ತೆಲುಗು ಪೇಪರು. ಫೋಟೋ ನೋಡುತ್ತಿರಬೇಕು ಎಂದುಕೊಂಡಳು ಗಂಗೋತ್ರಿ. ಆದರೆ ಆ ಪುಟದಲ್ಲಿ ಫೋಟೋ ಇರಲಿಲ್ಲ. ಅಜ್ಜಿಯ ಬೆರಳು ಸಾಲಿನ ಮೇಲೆ ಸರಿಯುತ್ತಿತ್ತು. ತುಟಿ ನಿಧಾನವಾಗಿ ಅಲುಗುತ್ತಿತ್ತು. ಒಂದು ಕಡೆ ಬೆರಳು ನಿಂತು, ಅಜ್ಜಿ ತನ್ನಷ್ಟಕ್ಕೆ ನಕ್ಕಳು.

"ಅಜ್ಜಿ, ನಿಂಗ ಓದಾಕ ಬರ್ತೈತಾ?"

"ಬರ್ತೈತಲ್ಲ. ನಮ್ಮ ತವರು ಗಡಿಯಾಚೆ ಆಲೂರು ಕಡೆ. ಐದನೇತ್ತ ತನಕ ತೆಲುಗು ಸಾಲಿಗೆ ಹೋಗೀನಿ. ಲೆಕ್ಕದಾಗ ನಾನ ಫಸ್ಟು."

"ಮತ್ತ ಯಾಕ ಹೇಳಲಿಲ್ಲ?"

"ಯಾರು ಕೇಳಿದ್ರು?" ಎಂದು ಅಜ್ಜಿ ಪುಟ ತಿರುವಿದಳು. "ಲಗ್ನ ಆಗಿ ಈ ಕಡೆ ಬಂದೆ. ಎಲ್ಲಾರೂ ಕನ್ನಡದ್ದ ಕೈಗೆ ಕೊಟ್ಟು, ಓದು ಅಂದ್ರು. ಬರಂಗಿಲ್ಲ ಅಂದೆ. ಅಷ್ಟ."

ಅಜ್ಜಿ ಆಲೂರಿನ ತಮ್ಮನ ಜೊತೆ ಫೋನಿನಲ್ಲಿ ತೆಲುಗು ಮಾತಾಡುವುದನ್ನು ಗಂಗೋತ್ರಿ ಹುಟ್ಟಿದಾಗಿನಿಂದ ಕೇಳಿದ್ದಳು. ಆ ಮಾತಿಗೂ ಅಕ್ಷರ ಇರುತ್ತದೆ, ಅದನ್ನು ಅಜ್ಜಿ ಕಲಿತಿರಬಹುದು ಎಂದು ಒಂದು ದಿನವೂ ಹೊಳೆದಿರಲಿಲ್ಲ. ಅವಳು ಪರದೆಯ ಮೇಲಿನ ಚೌಕವನ್ನು ನೋಡಿದಳು. ಅದು ಇನ್ನೂ ಅಲ್ಲೇ ಕೂತು, ಒರೆಸಲಾ ಎಂದು ಕೇಳುತ್ತಿತ್ತು.

ಶಶಿಕಾಂತ್ ಒಳಗಿನಿಂದ ಒಂದು ಹಳೆಯ ಆಪಲ್ ಕಂಪ್ಯೂಟರನ್ನು ಹೊತ್ತು ತಂದರು. ಅದು ಎದ್ದು ಕಣ್ಣುಜ್ಜಿಕೊಳ್ಳಲು ಐದು ನಿಮಿಷ ತೆಗೆದುಕೊಂಡಿತು. ಡಿಸ್ಕು ಚುಚ್ಚಿದರು. ಚೌಕ ಬರಲಿಲ್ಲ. ಸಾಲಾಗಿ ಫೈಲುಗಳು ಬಂದವು.

"ಪೆನ್‌ಡ್ರೈವ್ ತಂದೀಯಲ್ಲ? ಖಾಲಿ ಐತಿ? ಹಾಂಗಾದ್ರ ಇದನ್ನ ಫಾರ್ಮ್ಯಾಟ್ ಮಾಡಬಹುದು. ಎರಡೂ ಕಡೆಯವರಿಗೆ ಓದಾಕ ಬರೋ ಪದ್ಧತಿ ಒಂದೈತಿ, ಅದರಾಗ ಹಾಕ್ತೀನಿ. ನಿಮ್ಮ ಸಾಲಿ ಕಂಪ್ಯೂಟರಿನ್ಯಾಗೂ ಓಡ್ತೈತಿ, ನಿಮ್ಮಕ್ಕನ ಲ್ಯಾಪ್‌ಟಾಪಿನ್ಯಾಗೂ ಓಡ್ತೈತಿ."

ಕಾಪಿ ಮುಗಿಯಲು ಅರ್ಧ ಗಂಟೆ ಹಿಡಿಯಿತು. ಸರಿಯಾಗಿದೆಯೋ ನೋಡಲು ಶಶಿಕಾಂತ್ ತಮ್ಮ ವಿಂಡೋಸಿನಲ್ಲಿ ಸಿನಿಮಾ ಒತ್ತಿದರು. ಸ್ಪೀಕರಿನಿಂದ ದೊಡ್ಡ ದನಿ ಹೊರಟಿತು.

"ಯಾರ್ರೀ ಕುರುಗೋಡು, ಕುರುಗೋಡು, ಕುರುಗೋಡು. ಒಳಗ ನಡೀರಿ, ಒಳಗ ನಡೀರಿ. ರೈಟ್ ರೈಟ್."

ಅಜ್ಜಿ ಪೇಪರು ಬಿಟ್ಟು, ಚೀಲ ಎತ್ತಿಕೊಂಡು ಬಾಗಿಲಿಗೆ ಓಡಿದಳು. "ಬಾ ಗಂಗಿ, ಬಸ್ಸು ಬಂತು."

ಶಶಿಕಾಂತ್ ನಗುತ್ತ ಮೇಜಿನ ಮೇಲೆ ತಲೆ ಇಟ್ಟರು. "ಅಮ್ಮಾ, ಆ ಹುಡುಗ ಯಾರ್ರಿ? ಅವನಿಗೆ ನನ್ನ ಪರವಾಗಿ ಶಹಬ್ಬಾಸ್ ಹೇಳ್ರಿ. ಮತ್ತ ಹೋಗೋಕಿಂತ ಮೊದಲು ಈ ಹಳೇ ಆಪಲ್ಲಿಗೂ ಒಂದೀಟು ವಿಭೂತಿ ಹಚ್ರಿ. ಇದಕ್ಕ ಬಾಳ ಜರೂರೈತಿ."

ಅಜ್ಜಿ ಗಂಗೋತ್ರಿಯ ಮುಖ ನೋಡಿದಳು.

"ಹಚ್ಚು ಅಜ್ಜಿ" ಎಂದಳು ಗಂಗೋತ್ರಿ.

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಗಾಜಿನ ಮೇಲೆ ಕೆಂಪು ಧೂಳು ದಪ್ಪಗೆ ಕೂತಿತ್ತು.

"ಅಜ್ಜಿ, ನಿನ್ನೆ ನಾ ಹಂಗ ಅಂದಿದ್ದು..."

"ಆತು ಬಿಡು."

"ನೀ ಕೈ ಹಿಡೀಲಿಲ್ಲಂದ್ರ ಎಲ್ಲಾ ಹೋಗ್ತಿತ್ತು."

"ಆತು ಬಿಡವ್ವ." ಅಜ್ಜಿ ಸೀರೆಯ ಸೆರಗಿನಿಂದ ಅವಳ ಮೂಗು ಒರೆಸಿದಳು.

"ನನ್ನ ಹೆಸರು ನಿನ್ನ ಅಕ್ಷರದಾಗ ಬರದು ತೋರ್ಸು."

ಅಜ್ಜಿ ಗಾಜಿನ ಧೂಳಿನಲ್ಲಿ ಬೆರಳಿಂದ ಬರೆದಳು. ಗಂಗೋತ್ರಿ ತಲೆ ಓರೆ ಮಾಡಿ ನೋಡಿದಳು. ಆಶ್ಚರ್ಯ, ಅದು ಅವಳಿಗೆ ಗುರುತು ಸಿಕ್ಕಿತು. ಅಕ್ಷರ ಹೆಚ್ಚುಕಡಿಮೆ ತನ್ನವೇ. ಮೊದಲನೆಯದರ ತಲೆಯ ಮೇಲೆ ಮಾತ್ರ ಗೀಟಿನ ಬದಲು ಒಂದು ರೈಟ್ ಮಾರ್ಕು ಇತ್ತು, ಮೇಡಂ ಕಾಪಿ ತಿದ್ದಿ ಹಾಕಿದ ಹಾಗೆ.

"ಈಗ ನಿನ್ನದು."

ಅಜ್ಜಿ ಕೆಳಗೆ ತನ್ನ ಹೆಸರನ್ನೂ ಬರೆದಳು.

"ನಿಂಗ ಎರಡು ರೈಟು, ನಂಗ ಒಂದ" ಎಂದಳು ಗಂಗೋತ್ರಿ.

"ಲೆಕ್ಕದಾಗ ಫಸ್ಟ್ ಅಂದ್ನಲ್ಲ" ಎಂದಳು ಅಜ್ಜಿ.

ಸೋಮವಾರ ಶಾಲೆಯ ದೊಡ್ಡ ಕೋಣೆ ತುಂಬಿತ್ತು. ಮುಂದಿನ ಸಾಲಿನಲ್ಲಿ ಅಜ್ಜಿ ಕೂತಿದ್ದಳು. ಪಕ್ಕದಲ್ಲಿ ಓಬಳೇಶನ ಅವ್ವ ಹುಲುಗಮ್ಮ. ಅವಳ ಪಾದದ ಬೆರಳ ಸಂದಿನಲ್ಲಿ ಗದ್ದೆಯ ಕೆಸರು ಒಣಗಿ ಇನ್ನೂ ಅಂಟಿತ್ತು.

ಗಂಗೋತ್ರಿ ಪೆನ್‌ಡ್ರೈವ್ ಹಿಡಿದು ಅಜ್ಜಿಯ ಹತ್ತಿರ ಬಂದಳು. "ಬೆನ್ನಿಗೆ ಹಚ್ಚು. ಬಾಯಿ ನಾ ಮುಚ್ಚಿ ಹಿಡಿತೀನಿ."

ಅಜ್ಜಿ ಸೊಂಟದ ಚೀಲದಿಂದ ವಿಭೂತಿ ತೆಗೆದು ಎಳೆದಳು. ಜಾಗ ಸಾಲದೆ ಮೂರರಲ್ಲಿ ಒಂದು ಪಟ್ಟೆ ಗಂಗೋತ್ರಿಯ ಹೆಬ್ಬೆರಳಿಗೆ ಬಂತು.

ಸಿನಿಮಾ ಓಡಿತು. ಕೊಕ್ಕರೆ ಕೂಗಿತು, ಟ್ರಾಕ್ಟರು ಕೆಮ್ಮಿತು, ಕಂಡಕ್ಟರು ರೈಟ್ ಅಂದ. ಆಮೇಲೆ ಪರದೆಯ ಓಬಳೇಶ ಸೊಂಟಕ್ಕೆ ಕೈಯಿಟ್ಟು, "ಓಬಳ್ಯಾ, ಉಣ್ಣಾಕ ಬರ್ತೀಯೋ ಇಲ್ಲೋ" ಎಂದು ಕೂಗಿದ. "ಬಂದೆ" ಎಂದು ಹುಲುಗಮ್ಮನ ಪಕ್ಕದಲ್ಲಿ ಕೂತಿದ್ದ ಓಬಳೇಶನೇ ಉತ್ತರ ಕೊಟ್ಟ. ಹುಲುಗಮ್ಮ ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಒಂದು ಕೈಯಲ್ಲಿ ಮಗನ ಕಿವಿ ಹಿಡಿದಿದ್ದಳು. ಅದು ಅದರ ಜಾಗದಲ್ಲೇ ಇತ್ತು.

ಕೊನೆಗೆ ಹೆಸರುಗಳು ಒಂದೊಂದಾಗಿ ಮೇಲಕ್ಕೆ ಹೋದವು. ಎಲ್ಲ ಮಕ್ಕಳ ಹೆಸರು. ಅಕ್ಷತಕ್ಕನ ಹೆಸರು. ಮೇಡಂ ಹೆಸರು. ಅಲ್ಲಿಗೆ ಮುಗಿಯಿತು. ಅಕ್ಷತಕ್ಕ ಅವನ್ನು ಬರೆದಾಗ ಈ ಡಿಸ್ಕಿನ ಕತೆ ಇನ್ನೂ ನಡೆದೇ ಇರಲಿಲ್ಲವಲ್ಲ.

ಎಲ್ಲರೂ ಚಪ್ಪಾಳೆ ಹೊಡೆಯುತ್ತಿದ್ದಾಗ ಗಂಗೋತ್ರಿ ಎದ್ದು ಹೋದಳು. ಪರದೆಯ ಪಕ್ಕ ಕರಿಹಲಗೆ ಇತ್ತು. ಚಾಕ್‌ಪೀಸು ತೆಗೆದುಕೊಂಡು ದೊಡ್ಡದಾಗಿ ಒಂದು ಹೆಸರು ಬರೆಯತೊಡಗಿದಳು. ಮೊದಲ ಅಕ್ಷರ ಸೊಟ್ಟಗಾಯಿತು, ಒರೆಸಿ ತಿರುಗಿ ಬರೆದಳು. ಬಸ್ಸಿನ ಗಾಜು ನೆನಪಿಸಿಕೊಂಡು, ಕೊನೆಯ ಎರಡು ಅಕ್ಷರಗಳ ತಲೆಯ ಮೇಲೆ ಜೋಪಾನವಾಗಿ ಎರಡು ರೈಟ್ ಮಾರ್ಕು ಹಾಕಿದಳು.

"ಇದೇನು ಬರದೀ ಗಂಗಿ? ಓದಾಕ ಬರವಲ್ದು" ಎಂದ ಓಬಳೇಶ.

ಗಂಗೋತ್ರಿ ಮುಂದಿನ ಸಾಲಿನ ಕಡೆ ನೋಡುತ್ತಿದ್ದಳು. ಅಲ್ಲಿ ಅಜ್ಜಿಯ ಬೆರಳು ಗಾಳಿಯಲ್ಲಿ ನಿಧಾನವಾಗಿ ಸರಿಯುತ್ತಿತ್ತು. ತುಟಿ ಅಲುಗುತ್ತಿತ್ತು.