ಎರಡು ರಾಟೆಯ ಪೆದ್ದಪ್ಪ

ಬಾವಿಗೆ ಬಿದ್ದ ದನ ಎತ್ತುವುದರಲ್ಲಿ ಹೋಳೂರಿನ ಪೆದ್ದಪ್ಪನನ್ನು ಮೀರಿಸುವವರು ಕೋಲಾರದ ಸುತ್ತ ಯಾರೂ ಇರಲಿಲ್ಲ. ತೊಲೆಗೊಂದು ರಾಟೆ, ಅದರ ಕೆಳಗೆ ಹಗ್ಗದಲ್ಲಿ ತೂಗುವ ಇನ್ನೊಂದು ರಾಟೆ. ಇಬ್ಬರು ಎಳೆಯುವ ಭಾರವನ್ನು ಒಬ್ಬನೇ ಎಳೆಯುತ್ತಿದ್ದ. ಆದರೆ ಹೆಸರು ಬಂದದ್ದು ಜೊತೆಗಾರ ಚನ್ನರಾಯಪ್ಪನಿಗೆ. ಕೆಳಗಿಳಿದು ದನದ ಹೊಟ್ಟೆಗೆ ಪಟ್ಟಿ ಕಟ್ಟಿ, ಅದರ ಜೊತೆ ಮೇಲೆ ಬರುತ್ತಿದ್ದವನು ಅವನು. ಜನ ನೋಡುತ್ತಿದ್ದದ್ದೂ ಅವನನ್ನೇ. ನಂಗಲಿ ಊರಿನವರು ಅವನ ಕೈಗೆ ಬೆಳ್ಳಿ ಕಡಗ ಹಾಕಿದರು. ಪೆದ್ದಪ್ಪನಿಗೆ ಒಂದು ಲೋಟ ಮಜ್ಜಿಗೆ ಕೊಟ್ಟರು.

ಅದನ್ನೂ ನುಂಗಿಕೊಳ್ಳುತ್ತಿದ್ದನೇನೋ. ಆದರೆ ಒಂದು ದಿನ ಬಾವಿಯ ತಳದಲ್ಲಿ ಕರುವಿನ ಬೆನ್ನು ಸವರುತ್ತ ಚನ್ನರಾಯಪ್ಪ ಮೆಲ್ಲಗೆ ಅಂದ: "ಹೆದರ್ಬೇಡ ಕಣೋ, ನಾನಿದೀನಿ. ಮೇಲಿರೋ ಪೆದ್ದಪ್ಪಂದೇನು, ಅವನ ಜಾಗಕ್ಕೆ ಎತ್ತು ಕಟ್ಟಿದ್ರೂ ಎಳೀತದೆ." ದಂಡೆಯಲ್ಲಿ ಹಗ್ಗ ಹಿಡಿದು ನಿಂತಿದ್ದ ಪೆದ್ದಪ್ಪನ ಮೈಯೆಲ್ಲ ಉರಿದುಹೋಯಿತು.

ಕಾಲವೂ ಕೂಡಿಬಂತು. ಯುದ್ಧ ಶುರುವಾದ ಮೇಲೆ ಒಳ್ಳೆಯ ಹಗ್ಗ ಸಿಗುತ್ತಿರಲಿಲ್ಲ. ಹಗ್ಗ ಹರಿಯಿತೆಂದರೆ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಕೆಳಗಿನ ರಾಟೆಗೆ ಕಟ್ಟುವ ಕುಣಿಕೆ ಹಗ್ಗವನ್ನು ಅವನು ಆರಿಸಿಕೊಂಡ. ಹುರಿ ಬಿಚ್ಚಿ, ಒಳಗಿನ ಎಳೆಗಳನ್ನು ಉಳಿಯಿಂದ ಕತ್ತರಿಸಿ, ಹೊರಗಿನದನ್ನು ಹಾಗೇ ಉಳಿಸಿ ಮತ್ತೆ ಹೊಸೆದ. ಇಳಿಯುವಾಗ ತಡೆಯಬೇಕು. ಏರುವಾಗ, ಬಾವಿಯ ಬಾಯಿ ಹತ್ತಿರವಾದಾಗ, ಕೈ ಸಡಿಲಿಸಿ ಒಂದು ಜಗ್ಗು ಕೊಟ್ಟರೆ ಹರಿಯಬೇಕು. ಎಷ್ಟು ಚಂದದ ಕೆಲಸ! ಯಾರಿಗೂ ತೋರಿಸುವ ಹಾಗಿಲ್ಲವಲ್ಲ ಅನ್ನುವುದೊಂದೇ ಕೊರಗು.

ಊರಾಚೆಯ ಬತ್ತಿದ ಬಾವಿಯ ಹೂಳು ನೋಡಲು ಇಬ್ಬರೇ ಹೋದರು. ಎಲ್ಲ ಅಂದುಕೊಂಡ ಹಾಗೇ ನಡೆಯಿತು. ಕೆಳಗೆ ನರಳಾಟ ನಿಂತ ಮೇಲೆ ಪೆದ್ದಪ್ಪ ರಾಟೆಯಲ್ಲಿ ಉಳಿದ ತುಂಡನ್ನು ಕಲ್ಲಿಗೆ ಉಜ್ಜಿ ನಾರುನಾರು ಮಾಡಿದ. ಆಮೇಲೆ ಬಾಯಿ ಬಡಿದುಕೊಳ್ಳುತ್ತ ಊರಿಗೆ ಓಡಿದ.

ಇನ್ನು ಉಳಿದದ್ದು ಹೆಣದ ಜೊತೆ ಬಿದ್ದ ತುಂಡು. ಉಳಿಯ ಗುರುತು ಅದರಲ್ಲಿತ್ತು. ಅದಕ್ಕೂ ದಾರಿ ಯೋಚಿಸಿಟ್ಟಿದ್ದ.

"ಯಾರೂ ಬೇಡ, ನಾನೇ ಇಳೀತೀನಿ. ನನ್ನ ತಮ್ಮ ಇದ್ದಂಗಿದ್ದ," ಎಂದು ಅತ್ತ. ದಫೇದಾರನೂ ತಲೆದೂಗಿದ. ಚನ್ನರಾಯಪ್ಪನ ಹೆಂಡತಿ ಭಾರತಮ್ಮ ಅವನ ಎರಡೂ ಕೈ ಹಿಡಿದುಕೊಂಡಳು. "ಅಣ್ಣಾ, ಉಸಿರಿದ್ರೆ ನೋಡಣ್ಣಾ."

ಜೀವಮಾನವೆಲ್ಲ ದಂಡೆಯಲ್ಲೇ ನಿಂತವನು ಮೊದಲ ಸಲ ಬಾವಿಗಿಳಿದ. ಊರಿನ ಕಣ್ಣೆಲ್ಲ ತನ್ನ ಮೇಲಿರುವುದು ಹಿತವಾಗಿತ್ತು. ತಳದಲ್ಲಿ ಕತ್ತಲೆ, ಆಕಾಶ ತಟ್ಟೆಯಷ್ಟಾಗಿತ್ತು. ಚನ್ನರಾಯಪ್ಪನ ಮೈ ತಣ್ಣಗಿತ್ತು. ಹರಿದುಬಿದ್ದ ಹಗ್ಗದ ತುದಿ ಕತ್ತರಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡ, ಹೊಸ ತುದಿಯನ್ನು ಕಲ್ಲಿಗೆ ಉಜ್ಜಿದ. ಎಲ್ಲ ಮುಗಿಯಿತು. ಹೆಣವನ್ನು ತಾನು ಇಳಿದು ಬಂದ ಹೊಸ ಕುಣಿಕೆಗೆ ಕಟ್ಟುವಾಗ ಮಾತ್ರ ತಡೆಯಲಾಗಲಿಲ್ಲ. ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಅಂದ:

"ಈಗ ಹೇಳೋ, ಒಳಗಿನ ಎಳೆ ಕುಯ್ದು, ನಿನ್ನ ಕಣ್ಣಿಗೂ ಬೀಳದಂಗೆ ಹೊಸೆದೆನಲ್ಲಾ, ಎತ್ತು ಕಟ್ಟಿದ್ರೆ ಆಗ್ತಿತ್ತಾ ಇದು?"

ಹಗ್ಗ ಜಗ್ಗಿದ. ತುಸು ತಡೆದು ಚನ್ನರಾಯಪ್ಪ ಮೇಲೇರಿದ.

ಕುಣಿಕೆ ಮತ್ತೆ ಇಳಿಯಲೆಂದು ಪೆದ್ದಪ್ಪ ಕಾದ. ಇಳಿಯಲಿಲ್ಲ. ತಲೆಯೆತ್ತಿದರೆ ಬಾವಿಯ ಬಾಯಿಯ ಸುತ್ತ ತಲೆಗಳು, ಒಬ್ಬರೂ ಅಳುತ್ತಿರಲಿಲ್ಲ. "ಹಗ್ಗ ಬಿಡ್ರಪ್ಪೋ!" ಎಂದು ಕೂಗಿದ. ಕೂಗು ಗೋಡೆಗೆ ಬಡಿದು ಏರಿಹೋದಾಗ, ಅಂದು ಚನ್ನರಾಯಪ್ಪ ತಳದಲ್ಲಿ ಕರುವಿಗೆ ಹೇಳಿದ ಆ ಮೆಲುಮಾತು ಒಂದಕ್ಷರವೂ ತಪ್ಪದೆ ದಂಡೆಯಲ್ಲಿದ್ದ ತನ್ನ ಕಿವಿಗೆ ಬಿದ್ದಿತ್ತೆಂಬುದು ಅವನಿಗೆ ನೆನಪಾಯಿತು. ಭಾರತಮ್ಮ ಬಗ್ಗಿ ನೋಡಿದಳು. ಈಗ ಅಣ್ಣಾ ಅನ್ನಲಿಲ್ಲ. "ಇರೋ ಅಲ್ಲೇ," ಅಂದಳು, "ಎತ್ತು ಕಟ್ಟಿಸ್ತೀನಿ."